ತಲಪಾಡಿಯಾಚೆ ತವರು, ಈಚೆ ಬಾಣಂತಿ

ಕೋವಿಡ್ ಕಾಲದಲ್ಲಿ ಹೆತ್ತವರ ಕಷ್ಟ ಎಂದ ಕೂಡಲೇ ನಮ್ಮ ಮಾತು ವೈರಸ್ ಭಯದ ಕಡೆ ಹೋಗುತ್ತದೆ. ಭಯ ಇದ್ದದ್ದು ನಿಜ. ಆದರೆ ಕಾಸರಗೋಡಿನಲ್ಲಿ ಕೂತು ಆ ಎರಡು ವರ್ಷಗಳನ್ನು ಮತ್ತೆ ನೋಡಿದರೆ ನನಗೆ ಭಯಕ್ಕಿಂತ ದೊಡ್ಡದಾಗಿ ಕಾಣುವುದು ಇನ್ನೊಂದು. ಬಾಣಂತಿಯ ಸುತ್ತ ಇರಬೇಕಾಗಿದ್ದ ಜನ ಇರಲಿಲ್ಲ. ನಾಲ್ಕೈದು ಮಂದಿ ಸೇರಿ ಮಾಡುತ್ತಿದ್ದ ಕೆಲಸ ಒಬ್ಬಳ ಮೇಲೆ, ಜಾಸ್ತಿ ಅಂದರೆ ಇಬ್ಬರ ಮೇಲೆ ಬಿತ್ತು. ಗಂಡ ಹೆಂಡತಿಯ ನಡುವೆ ಆಗ ಎದ್ದ ಎಷ್ಟೋ ಜಗಳಗಳ ಬೇರು ಅಲ್ಲಿದೆ. ಕೆಲವು ಮನೆಗಳಲ್ಲಿ ಅದು ಇನ್ನೂ ಒಣಗಿಲ್ಲ.

ನಮ್ಮ ಕಡೆಯ ಸಂಬಂಧಗಳು ಹೇಗೆ ಹರಡಿಕೊಂಡಿವೆ ಎಂದು ಗೊತ್ತಿದ್ದರೆ ಮಾತ್ರ ಇದು ಅರ್ಥವಾಗುತ್ತದೆ. ಮಂಜೇಶ್ವರ, ಕುಂಬಳೆ, ಪೆರ್ಲ, ಬದಿಯಡ್ಕ, ಮುಳ್ಳೇರಿಯದ ಹುಡುಗಿಯರನ್ನು ವಿಟ್ಲ, ಪುತ್ತೂರು, ಸುಳ್ಯದ ಕಡೆಗೆ ಕೊಡುತ್ತಾರೆ. ಅಲ್ಲಿಂದ ಇಲ್ಲಿಗೆ ತರುತ್ತಾರೆ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದಾಗ ಗೆರೆ ಬಿದ್ದದ್ದು ನಕ್ಷೆಯಲ್ಲಿ. ಮದುವೆ, ಬಯಕೆ, ತೊಟ್ಟಿಲು, ಎಲ್ಲವೂ ಆ ಗೆರೆ ದಾಟಿಕೊಂಡೇ ನಡೆದವು. ದೊಡ್ಡ ಕಾಯಿಲೆ, ಕಷ್ಟದ ಹೆರಿಗೆ ಅಂದರೆ ಕಾಸರಗೋಡಿನ ಉತ್ತರ ಭಾಗದವರು ಹೋಗುವುದು ಮಂಗಳೂರಿಗೆ. ಪೇಟೆಗೆ ಹೋದ ಹಾಗೆ ಹೋಗಿ ಬರುತ್ತಿದ್ದ ದಾರಿ ಅದು.

2020ರ ಮಾರ್ಚ್ ಕೊನೆಗೆ ಆ ದಾರಿ ಮುಚ್ಚಿತು. ಗಲ್ಫಿನಿಂದ ಬಂದವರಲ್ಲಿ ಸೋಂಕು ಕಂಡು, ಕಾಸರಗೋಡು ಆಗ ದೇಶದಲ್ಲೇ ಜಾಸ್ತಿ ಕೇಸ್ ಇರುವ ಜಿಲ್ಲೆಗಳಲ್ಲಿ ಒಂದಾಗಿತ್ತು. ಕರ್ನಾಟಕ ಗಡಿ ರಸ್ತೆಗಳನ್ನು ಬಂದ್ ಮಾಡಿತು. ಕೆಲವು ಕಡೆ ರಸ್ತೆಗೆ ಮಣ್ಣು ಸುರಿದರು. ಮಂಗಳೂರಿನ ಆಸ್ಪತ್ರೆ ಮುಟ್ಟಲಾಗದೆ ನಮ್ಮ ಜಿಲ್ಲೆಯ ಹಲವು ರೋಗಿಗಳು ತೀರಿಕೊಂಡರು. ಕೆಲಸಕ್ಕೆಂದು ಉತ್ತರ ಭಾರತದಿಂದ ಬಂದಿದ್ದ ಒಬ್ಬ ತುಂಬು ಗರ್ಭಿಣಿಯನ್ನು ಮಂಗಳೂರು ದಾರಿಯ ಗಡಿ ಚೆಕ್‌ಪೋಸ್ಟ್ ತಲಪಾಡಿಯಲ್ಲಿ ಮುಂದೆ ಬಿಡಲಿಲ್ಲ, ಆಂಬುಲೆನ್ಸಿನಲ್ಲೇ ಹೆರಿಗೆಯಾಯಿತು. ಏಪ್ರಿಲ್ 1ರಂದು ಕೇರಳ ಹೈಕೋರ್ಟ್ ರೋಗಿಗಳಿಗೆ ದಾರಿ ಬಿಡಿಸಬೇಕೆಂದು ಹೇಳಿತು. ವಿಷಯ ಸುಪ್ರೀಂ ಕೋರ್ಟಿಗೂ ಹೋಯಿತು. ಕೊನೆಗೆ ಕೋವಿಡ್ ಇಲ್ಲದ ರೋಗಿಗಳನ್ನು ತಪಾಸಣೆ ಮಾಡಿ ಬಿಡುವ ಒಪ್ಪಂದವಾಯಿತು.

ರೋಗಿಗೆ ದಾರಿ ಸಿಕ್ಕಿತು. ಆದರೆ ಮಗಳ ಬಾಣಂತನಕ್ಕೆ ಹೊರಟ ಅಮ್ಮ ರೋಗಿಯಲ್ಲ ಅಲ್ವಾ? ಆಸ್ಪತ್ರೆಗೆ ಹೋಗುವ ದಾರಿಯ ಬಗ್ಗೆ ಕೋರ್ಟು, ಸರಕಾರ, ಪತ್ರಿಕೆ ಎಲ್ಲರೂ ಮಾತಾಡಿದರು, ಮಾತಾಡಲೇ ಬೇಕಿತ್ತು. ಆಸ್ಪತ್ರೆಯಿಂದ ಮನೆಗೆ ಬಂದ ಮೇಲಿನ 40 ದಿನಗಳ ಬಗ್ಗೆ ಯಾರೂ ಕೇಳಲಿಲ್ಲ. ಲಾಕ್‌ಡೌನ್ ಸಡಿಲವಾದ ಮೇಲೂ ಗಡಿಯ ಕಿರಿಕಿರಿ ಮುಗಿಯಲಿಲ್ಲ. 2021ರ ಆಗಸ್ಟ್‌ನಲ್ಲಿ ಮತ್ತೆ ತಲಪಾಡಿಯಲ್ಲಿ 72 ಗಂಟೆಯೊಳಗಿನ ಆರ್‌ಟಿಪಿಸಿಆರ್ ನೆಗೆಟಿವ್ ಕಾಗದ ಕೇಳಿದರು. ಮೊಮ್ಮಗುವನ್ನು ನೋಡಿ ಎರಡು ದಿನ ಇದ್ದು ಬರೋಣ ಎಂದು ಹೊರಡುವ ಅಜ್ಜಿಗೆ ಅದು ಸಣ್ಣ ಅಡ್ಡಿಯಲ್ಲ.

ಬಾಣಂತನ ಎಂದರೆ ನಿಜವಾಗಿ ಏನು ನಡೆಯುತ್ತದೆ ಎಂದು ಸ್ವಲ್ಪ ಬಿಡಿಸಿ ನೋಡಬೇಕು. ಹಂಡೆ ತುಂಬ ಬಿಸಿನೀರು ಕಾಯಿಸಿ ಬಾಣಂತಿಗೆ ಮೀಯಿಸುತ್ತಾರೆ, ಮಗುವಿಗೆ ಎಣ್ಣೆ ಹಚ್ಚಿ ಕಾಲ ಮೇಲೆ ಮಲಗಿಸಿ ಮೀಯಿಸುತ್ತಾರೆ. ಒಳ್ಳೆಮೆಣಸಿನ ಸಾರು, ಮೆಂತೆ ಗಂಜಿ, ಲೇಹ್ಯ ಮಾಡಿ ಕೊಡುತ್ತಾರೆ. ಇದೆಲ್ಲ ಕಣ್ಣಿಗೆ ಕಾಣುವ ಕೆಲಸ. ಕಾಣದ ಕೆಲಸ ಇನ್ನೂ ದೊಡ್ಡದು. ನಡುರಾತ್ರಿ ಮಗು ಕೂಗಿದಾಗ ಇನ್ನೊಬ್ಬರು ಎದ್ದು ಎತ್ತಿಕೊಳ್ಳುತ್ತಾರೆ. ತಾಯಿ ಎರಡು ಗಂಟೆ ಎಡೆಬಿಡದೆ ಮಲಗುತ್ತಾಳೆ. ಮಗು ಹಸಿರು ಕಕ್ಕ ಮಾಡಿದರೆ, ಹಾಲು ಕಕ್ಕಿದರೆ, ಹತ್ತು ಮಕ್ಕಳನ್ನು ಕಂಡ ಹೆಂಗಸೊಬ್ಬರು "ಎಂತ ಆಗುದಿಲ್ಲ, ಸುಮ್ನೆ ಹೆದರಬೇಡ" ಎನ್ನುತ್ತಾರೆ. ಆ ಒಂದು ಮಾತು ಮಾಡುವ ಕೆಲಸವನ್ನು ಫೋನಿನಲ್ಲಿ ಹುಡುಕಿದ ಯಾವ ಉತ್ತರವೂ ಮಾಡುವುದಿಲ್ಲ. ಹುಡುಕಿದಷ್ಟೂ ಹೆದರಿಕೆ ಜಾಸ್ತಿಯಾಗುತ್ತದೆ.

ಹಾಗೆಂದು ಹಳೆಯ ಬಾಣಂತನವನ್ನು ನಾನು ಹೊಗಳಿ ಅಟ್ಟಕ್ಕೇರಿಸುವುದಿಲ್ಲ. "ನಿನಗೆ ಹಾಲು ಸಾಕಾಗುದಿಲ್ಲ" ಎಂಬ ಮಾತು ಎಷ್ಟು ತಾಯಂದಿರನ್ನು ಅಳಿಸಿದೆ! ಮಗುವಿನ ಬಣ್ಣದ ಮಾತು, ಹೆಣ್ಣಾದರೆ ಬರುವ ಆ ಒಂದು ಕ್ಷಣದ ಮೌನ, ನೀರು ಕುಡಿಯಬೇಡ, ಓದಬೇಡ, ಗಾಳಿಗೆ ಕೂರಬೇಡ ಎಂಬ ಕಟ್ಟು. ನೋಡಲು ಬರುವವರ ಸಾಲು ಇಲ್ಲದ್ದರಿಂದ ಲಾಕ್‌ಡೌನಿನಲ್ಲಿ ನೆಮ್ಮದಿ ಕಂಡ ತಾಯಂದಿರೂ ಇದ್ದಾರೆ. ಅದೂ ಸತ್ಯ. ಕೆಟ್ಟದ್ದರ ಜೊತೆಗೆ ಒಳ್ಳೆಯದೂ ಒಟ್ಟಿಗೇ ಹೊರಟು ಹೋಯಿತು ಎಂಬುದೇ ಇಲ್ಲಿನ ತೊಂದರೆ.

ಮನಸ್ಸಿಗೆ ಏನಾಗುತ್ತದೆ

ಹೆತ್ತ ಮೂರನೇ, ನಾಲ್ಕನೇ ದಿನ ಕಾರಣವಿಲ್ಲದೆ ಅಳು ಬರುವುದು, ಸಿಡುಕುವುದು, ಮರುಗಳಿಗೆಯಲ್ಲಿ ನಗುವುದು ಅರ್ಧಕ್ಕಿಂತ ಜಾಸ್ತಿ ತಾಯಂದಿರಲ್ಲಿ ಕಾಣುತ್ತದೆ. ಹೆರಿಗೆಯಾದ ಕೂಡಲೇ ಹಾರ್ಮೋನುಗಳು ಜರ್ರೆಂದು ಇಳಿಯುತ್ತವೆ, ನಿದ್ದೆ ಇರುವುದಿಲ್ಲ. ಎರಡು ವಾರದೊಳಗೆ ಇದು ತಾನಾಗಿ ಹೋಗುತ್ತದೆ. ಹೋಗದಿದ್ದರೆ, ಮಗು ಮಲಗಿದಾಗಲೂ ತಾಯಿಗೆ ನಿದ್ದೆ ಬಾರದಿದ್ದರೆ, ಯಾವುದರಲ್ಲೂ ಮನಸ್ಸಿಲ್ಲದಿದ್ದರೆ, "ನಾನು ಕೆಟ್ಟ ತಾಯಿ" ಎಂಬ ಯೋಚನೆ ಬಿಡದಿದ್ದರೆ ಅದು ಹೆರಿಗೆ ನಂತರದ ಡಿಪ್ರೆಶನ್ ಇರಬಹುದು. ಭಾರತದ 38 ಅಧ್ಯಯನಗಳನ್ನು ಒಟ್ಟು ಸೇರಿಸಿ 2017ರಲ್ಲಿ ಮಾಡಿದ ಲೆಕ್ಕದಂತೆ, ನೂರರಲ್ಲಿ 22 ತಾಯಂದಿರಿಗೆ ಇದು ಬರುತ್ತದೆ. ಇದು ಕೋವಿಡ್‌ಗಿಂತ ಮೊದಲಿನ ಲೆಕ್ಕ ಎಂಬುದನ್ನು ನೆನಪಿಡಿ. ಐವರಲ್ಲಿ ಒಬ್ಬಳು ಎಂದಾದರೆ ನಮ್ಮ ಪ್ರತಿಯೊಬ್ಬರ ಕುಟುಂಬದಲ್ಲೂ ಇಂಥವರು ಇದ್ದಾರೆ. ನಾವು ಅದಕ್ಕೆ "ಅವಳಿಗೆ ಕೋಪ ಜಾಸ್ತಿ", "ಹೆತ್ತ ಮೇಲೆ ಬದಲಾದಳು" ಎಂದು ಹೆಸರಿಟ್ಟಿರುತ್ತೇವೆ.

ಕೋವಿಡ್ ಬಂದ ಮೇಲೆ ಇದು ಏರಿತು. ಕೆನಡಾದಲ್ಲಿ 2020ರಲ್ಲಿ ಗರ್ಭಿಣಿಯರನ್ನೂ ಹೊಸ ತಾಯಂದಿರನ್ನೂ ಕೇಳಿದಾಗ, ಡಿಪ್ರೆಶನ್ ಲಕ್ಷಣ ಇರುವವರ ಪ್ರಮಾಣ 15 ಶೇಕಡದಿಂದ ಸುಮಾರು 41 ಶೇಕಡಕ್ಕೆ ಹೋಗಿತ್ತು. ನಮ್ಮ ದೇಶದಲ್ಲಿ ನಿಮ್ಹಾನ್ಸ್‌ನವರು ಹೆರಿಗೆ ವೈದ್ಯರನ್ನು ವಿಚಾರಿಸಿದಾಗ, ಗರ್ಭಿಣಿಯರು ಎಲ್ಲಕ್ಕಿಂತ ಜಾಸ್ತಿ ಹೇಳಿಕೊಂಡದ್ದು ಆಸ್ಪತ್ರೆಗೆ ಬರುವ ಹೆದರಿಕೆಯನ್ನು. ವಾಟ್ಸಾಪ್‌ನಲ್ಲಿ ಬರುವ ಸಂದೇಶಗಳ ಹೆದರಿಕೆಯೂ ಪಟ್ಟಿಯಲ್ಲಿತ್ತು. ಕೋವಿಡ್ ಬಂದ ತಾಯಿಯೂ ಮಾಸ್ಕ್ ಹಾಕಿ ಕೈ ತೊಳೆದು ಹಾಲು ಕೊಡಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲೇ ಹೇಳಿತ್ತು. ಆ ಮಾತು ಮನೆ ಮನೆಗೆ ಮುಟ್ಟುವ ಮೊದಲು ಬೇರೆ ಹತ್ತು ಸುಳ್ಳುಗಳು ಮುಟ್ಟಿದ್ದವು. ಹಾಲೂಡಿಸುವವರಿಗೆ ಲಸಿಕೆ ಸಿಕ್ಕಿದ್ದು 2021ರ ಮೇ ತಿಂಗಳಿಂದ, ಗರ್ಭಿಣಿಯರಿಗೆ ಜುಲೈನಿಂದ. ಎರಡನೇ ಅಲೆಯ ಅತಿ ಕೆಟ್ಟ ದಿನಗಳನ್ನು ಗರ್ಭಿಣಿಯರು ಲಸಿಕೆಯಿಲ್ಲದೆ ಕಳೆದರು.

ಎಣ್ಮಕಜೆ, ಪಡ್ರೆಯ ಕಡೆಯವರ ಬಗ್ಗೆ ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಗೇರು ತೋಟಗಳಿಗೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸಿದ ಊರುಗಳವು. ಹುಟ್ಟುವ ಮಗು ಹೇಗಿರುತ್ತದೋ ಎಂಬ ಭಯ ಅಲ್ಲಿನ ಬಸುರಿಯರಿಗೆ ಹೊಸತಲ್ಲ. ಆ ಹಳೆಯ ಭಯದ ಮೇಲೆ ಹೊಸದೊಂದು ಕೂತಿತು.

ಇನ್ನೊಂದು ವಿಷಯವನ್ನು ಬಿಡಿಸಿ ಹೇಳಬೇಕು, ಯಾಕೆಂದರೆ ತಾಯಂದಿರು ಇದನ್ನು ಯಾರ ಹತ್ತಿರವೂ ಬಾಯಿ ಬಿಡುವುದಿಲ್ಲ. ಮಗುವನ್ನು ಎತ್ತಿಕೊಂಡಾಗ "ಕೈಜಾರಿ ಬಿದ್ದರೆ? ನಾನೇ ಏನಾದರೂ ಮಾಡಿಬಿಟ್ಟರೆ?" ಎಂಬ ಯೋಚನೆ ತಟ್ಟನೆ ಬರುತ್ತದೆ. ಬಂದ ಕೂಡಲೇ ತಾಯಿ ನಡುಗುತ್ತಾಳೆ. ಇದು ತುಂಬ ಮಂದಿಗೆ ಬರುತ್ತದೆ. ಆ ಯೋಚನೆಗೆ ಅವಳು ಹೆದರುತ್ತಿದ್ದಾಳೆ ಎಂದರೆ ಅವಳ ಮನಸ್ಸು ಅದನ್ನು ಒಪ್ಪುತ್ತಿಲ್ಲ ಎಂದೇ ಅರ್ಥ. ಆದರೂ ಪದೇ ಪದೇ ಬಂದು ಕಾಡಿದರೆ ವೈದ್ಯರಿಗೆ ಹೇಳಬೇಕು, ಅದಕ್ಕೆ ಚಿಕಿತ್ಸೆ ಇದೆ. ಸಾವಿರಕ್ಕೆ ಒಬ್ಬಳೋ ಇಬ್ಬರೋ ತಾಯಂದಿರಲ್ಲಿ ಬರುವ ಸೈಕೋಸಿಸ್ ಬೇರೆಯೇ. ಅದರಲ್ಲಿ ಯಾರೋ ಮಾತಾಡುವುದು ಕೇಳಿಸುತ್ತದೆ, ಮಗುವಿನ ಬಗ್ಗೆ ವಿಚಿತ್ರ ನಂಬಿಕೆ ಹುಟ್ಟುತ್ತದೆ, ದಿನಗಟ್ಟಲೆ ನಿದ್ದೆ ಬೇಕೆನಿಸುವುದಿಲ್ಲ. ಅಂಥ ತಾಯಿಯನ್ನು ಅದೇ ದಿನ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ಭೂತ ಸೋಂಕಿದೆ ಎಂದು ವಾರ ಕಳೆಯಬಾರದು. ದೈವಕ್ಕೆ ಹರಕೆ ಹೇಳಿಕೊಳ್ಳುವುದಿದ್ದರೆ ಹೇಳಿಕೊಳ್ಳಿ, ಆದರೆ ಕಾರು ಆಸ್ಪತ್ರೆಯ ಕಡೆಗೆ ಹೊರಟಿರಲಿ.

ಫೋನಿನಲ್ಲಿ ಅಪ್ಪನಾದವರು

ಈ ಜಿಲ್ಲೆಯ ಕತೆಯಲ್ಲಿ ಅಪ್ಪಂದಿರನ್ನು ಬಿಡಲು ಆಗುವುದಿಲ್ಲ. ಎಷ್ಟೋ ಮನೆಗಳ ಗಂಡಸರು ದುಬೈ, ಶಾರ್ಜಾ, ಸೌದಿ, ಕತಾರ್‌ನಲ್ಲಿದ್ದಾರೆ. ಹೆರಿಗೆ ದಿನ ನೋಡಿ ರಜೆ ಹಾಕಿ ಬರುವುದು ಇಲ್ಲಿನ ಪದ್ಧತಿ. 2020ರ ಮಾರ್ಚ್ ಕೊನೆಗೆ ವಿಮಾನಗಳು ನಿಂತವು. ಹೊರದೇಶದಲ್ಲಿ ಸಿಕ್ಕಿಬಿದ್ದವರನ್ನು ಕರೆತರುವ ವಂದೇ ಭಾರತ್ ವಿಮಾನಗಳು ಮೇ 7ರಿಂದ ಹೊರಟರೂ ಸೀಟು ಸಿಗುವುದು ಸುಲಭವಿರಲಿಲ್ಲ. ಬಂದವರು ಕ್ವಾರಂಟೈನ್‌ನಲ್ಲಿ ಇರಬೇಕಿತ್ತು. ಒಂದೇ ಕಾಂಪೌಂಡಿನೊಳಗೆ ಇದ್ದರೂ ಮಗುವನ್ನು ಕಿಟಕಿಯಿಂದ ನೋಡಬೇಕಾಗಿತ್ತು. ಇನ್ನು ಕೆಲವರು ಕೆಲಸ ಕಳೆದುಕೊಂಡು ಬಂದರು. ಮನೆಗೆ ಹಣ ಕಳಿಸುವವನು ಎಂಬ ಸ್ಥಾನ ಹೋಗಿತ್ತು. ಅಪ್ಪ ಎಂಬ ಸ್ಥಾನ ಇನ್ನೂ ಸಿಕ್ಕಿರಲಿಲ್ಲ.

ಇಲ್ಲಿ ಒಂದು ವಿಷಯ ತುಂಬ ಮನೆಗಳಲ್ಲಿ ತಪ್ಪು ತಿಳಿವಳಿಕೆಗೆ ಕಾರಣವಾಯಿತು. ಮಗುವಿಗೆ ಏಳೆಂಟು ತಿಂಗಳಾಗುವಾಗ ಅದಕ್ಕೆ ತನ್ನವರು ಯಾರು, ಹೊರಗಿನವರು ಯಾರು ಎಂಬ ಬುದ್ಧಿ ಬರುತ್ತದೆ. ಹೊಸ ಮುಖ ಕಂಡರೆ ಕೂಗಿ ಅಮ್ಮನಿಗೆ ಅಂಟಿಕೊಳ್ಳುತ್ತದೆ. ಇದು ಮಗು ಸರಿಯಾಗಿ ಬೆಳೆಯುತ್ತಿದೆ ಎಂಬುದರ ಗುರುತು. ಆದರೆ ತಿಂಗಳುಗಟ್ಟಲೆ ಸ್ಕ್ರೀನಿನಲ್ಲಿ ಮುದ್ದು ಮಾಡಿ, ಕೊನೆಗೂ ಊರು ಸೇರಿದ ಅಪ್ಪನಿಗೆ ಅದು ಹಾಗೆ ಕಾಣಿಸಬೇಕಲ್ಲ! ಎತ್ತಿಕೊಂಡರೆ ಮಗು ಅಳುತ್ತದೆ. ತಾಯಿ ಬಂದು ತೆಗೆದುಕೊಳ್ಳುತ್ತಾಳೆ, ಸುಮ್ಮನಾಗುತ್ತದೆ. ನಾಲ್ಕು ಸಲ ಹೀಗಾದ ಮೇಲೆ ಅವನು ಕೈ ಚಾಚುವುದನ್ನೇ ಬಿಡುತ್ತಾನೆ, ಫೋನು ಹಿಡಿದು ಜಗಲಿಯಲ್ಲಿ ಕೂರುತ್ತಾನೆ. ಅತ್ತ ತಾಯಿ ಅಷ್ಟು ತಿಂಗಳು ಒಬ್ಬಳೇ ಎಲ್ಲ ಮಾಡಿ ತನ್ನದೇ ಕ್ರಮ ಕಂಡುಕೊಂಡಿರುತ್ತಾಳೆ. ಅವನು ಡಯಾಪರ್ ಹಾಕಿದರೆ ಸರಿಯಿಲ್ಲ, ಗಂಜಿ ಕುಡಿಸಿದರೆ ಬಿಸಿ ನೋಡಿಲ್ಲ. ಅವಳು ತಿದ್ದುತ್ತಾಳೆ, ಅವನು ಹಿಂದೆ ಸರಿಯುತ್ತಾನೆ. ಅವನು ಸರಿದಷ್ಟೂ ಅವಳ ಭಾರ ಜಾಸ್ತಿ, ಸಿಟ್ಟೂ ಜಾಸ್ತಿ. ಇಬ್ಬರಲ್ಲಿ ಒಬ್ಬರೂ ಕೆಟ್ಟವರಲ್ಲ. ಒಟ್ಟಿಗೆ ಕಲಿಯಬೇಕಾಗಿದ್ದ ಕೆಲಸವನ್ನು ಒಬ್ಬರು ಒಂಟಿಯಾಗಿ ಕಲಿತರು, ಇನ್ನೊಬ್ಬರಿಗೆ ಕಲಿಯಲು ಜಾಗವೇ ಸಿಗಲಿಲ್ಲ.

ಇಂಥ ಜೋಡಿಗಳಿಗೆ ಯಾರಾದರೂ ಆಗ ಹೇಳಬೇಕಿತ್ತು: ಮಗುವಿಗೆ ಸ್ವಲ್ಪ ದಿನ ಕೊಡಿ, ತಾಯಿ ಪಕ್ಕದಲ್ಲಿ ಇರುವಾಗಲೇ ಅಪ್ಪ ನೆಲದಲ್ಲಿ ಕೂತು ಆಟವಾಡಲಿ, ಮೀಯಿಸುವುದೋ ಮಲಗಿಸುವುದೋ ಒಂದು ಕೆಲಸ ಪೂರ್ತಿ ಅವನದಾಗಲಿ, ತಪ್ಪು ಮಾಡಿದರೂ ಅವನೇ ಮಾಡಲಿ. ಇಷ್ಟೇ. ಹೇಳುವವರು ಇರಲಿಲ್ಲ.

ಗಂಡಸರಿಗೂ ಮಗು ಹುಟ್ಟಿದ ಮೇಲೆ ಡಿಪ್ರೆಶನ್ ಬರುತ್ತದೆ ಎಂದರೆ ಹಲವರು ನಗುತ್ತಾರೆ. ಹಲವು ದೇಶಗಳ 43 ಅಧ್ಯಯನಗಳನ್ನು ಸೇರಿಸಿ 2010ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ ಹತ್ತರಲ್ಲಿ ಒಬ್ಬ ಅಪ್ಪನಿಗೆ ಇದು ಬರುತ್ತದೆ ಎಂದಿದೆ. ಮಗುವಿಗೆ ಮೂರರಿಂದ ಆರು ತಿಂಗಳಾಗುವಾಗ ಜಾಸ್ತಿ. ತಾಯಿಗೆ ಇದ್ದರೆ ತಂದೆಗೂ ಬರುವ ಸಾಧ್ಯತೆ ಹೆಚ್ಚು. ಗಂಡಸರಲ್ಲಿ ಇದು ಅಳುವಾಗಿ ಕಾಣುವುದು ಕಡಿಮೆ. ಸಿಡುಕು, ಮನೆಗೆ ತಡವಾಗಿ ಬರುವುದು, ಕುಡಿತ, ಇಡೀ ದಿನ ಫೋನು, ಹೀಗೆ ಹೊರಗೆ ಬರುತ್ತದೆ. ಅದಕ್ಕೇ ಯಾರಿಗೂ ಅದು ಕಾಯಿಲೆ ಎಂದು ಅನಿಸುವುದಿಲ್ಲ. ಕೇಂದ್ರ ಸರಕಾರಿ ನೌಕರನಿಗಾದರೆ 15 ದಿನದ ಪಿತೃತ್ವ ರಜೆ ಇದೆ. ಅಂಗಡಿಯಲ್ಲಿ, ತೋಟದಲ್ಲಿ, ಖಾಸಗಿ ಕಂಪನಿಯಲ್ಲಿ ದುಡಿಯುವವನಿಗೆ ಅಂಥ ಕಾನೂನೇ ಇಲ್ಲ. 2017ರಲ್ಲಿ ತಾಯಂದಿರ ಹೆರಿಗೆ ರಜೆಯನ್ನು 26 ವಾರಕ್ಕೆ ಏರಿಸಿದ ಕಾಯಿದೆ ಅಪ್ಪನ ಬಗ್ಗೆ ಏನೂ ಹೇಳಲಿಲ್ಲ. ಮಗು ಸಾಕುವುದು ಹೆಂಗಸಿನ ಕೆಲಸ ಎಂದು ಕಾನೂನೇ ಒಪ್ಪಿದ ಹಾಗಾಯಿತು.

ಬೆಂಗಳೂರಿನಿಂದ ಲ್ಯಾಪ್‌ಟಾಪ್ ಹಿಡಿದು ಊರಿಗೆ ಬಂದವರ ಮನೆಯ ಕಷ್ಟ ಇನ್ನೊಂದು ಬಗೆಯದು. ಗಂಡ ಇಡೀ ದಿನ ಮನೆಯಲ್ಲೇ ಇದ್ದಾನೆ, ಆದರೆ ಬಾಗಿಲು ಹಾಕಿಕೊಂಡು ಮೀಟಿಂಗಿನಲ್ಲಿದ್ದಾನೆ. ಊರಿಗೆ ಬಂದ ಮೈದುನ, ನಾದಿನಿ, ಮಕ್ಕಳು ಎಲ್ಲ ಸೇರಿ ಮನೆ ತುಂಬಿದೆ. ಮೂರು ಹೊತ್ತಿನ ಅಡುಗೆ, ನಡುವೆ ಚಹಾ ತಿಂಡಿ. ಇಷ್ಟು ಜನ ಇದ್ದೂ ಬಾಣಂತಿ ಒಂಟಿ. ಮನೆಯಲ್ಲಿ ಜನ ಇರುವುದಕ್ಕೂ ಬಾಣಂತಿಗೆ ಜನ ಇರುವುದಕ್ಕೂ ಇರುವ ಅಂತರ ಇದು.

ಆರು ಸಲ ಬರುತ್ತಾರೆ, ಕೇಳಬೇಕಾದ್ದನ್ನು ಕೇಳಲಿ

ಕೇರಳ ಆ ಕಾಲದಲ್ಲಿ ಏನೂ ಮಾಡಲಿಲ್ಲ ಎನ್ನುವುದು ಅನ್ಯಾಯವಾಗುತ್ತದೆ. ಕ್ವಾರಂಟೈನ್‌ನಲ್ಲಿ ಇದ್ದವರಿಗೆ ಫೋನ್ ಮಾಡಿ ಮಾತಾಡಿಸುವ 'ಒಟ್ಟಕ್ಕಲ್ಲ ಒಪ್ಪಮುಂಡ್' (ಒಂಟಿಯಲ್ಲ, ಜೊತೆಗಿದ್ದೇವೆ) ಎಂಬ ಕಾರ್ಯಕ್ರಮ ನಡೆಯಿತು. 1056 ಸಂಖ್ಯೆಯ 'ದಿಶಾ' ಸಹಾಯವಾಣಿ ಹಗಲೂ ರಾತ್ರಿ ಕೆಲಸ ಮಾಡಿತು. ಕುಟುಂಬ ಆರೋಗ್ಯ ಕೇಂದ್ರಗಳಲ್ಲಿ ಡಿಪ್ರೆಶನ್ ಗುರುತಿಸುವ 'ಆಶ್ವಾಸಂ' ಕ್ಲಿನಿಕ್ ಮೊದಲೇ ಇತ್ತು. ತಾಯಂದಿರ ಮನಸ್ಸಿಗಾಗಿಯೇ 'ಅಮ್ಮ ಮನಸ್ಸ್' ಎಂಬ ಯೋಜನೆಯೂ ಇದೆ. ದೇಶದ ಎಷ್ಟೋ ರಾಜ್ಯಗಳಲ್ಲಿ ಇಷ್ಟೂ ಇಲ್ಲ.

ನನ್ನ ತಕರಾರು ಭಾಷೆಯದ್ದು. ಬ್ಯಾಂಕಿನ ಕೆಲಸಕ್ಕೆ ನಮಗೆಲ್ಲ ಮಲಯಾಳ ಸಾಕು. "ನನಗೆ ನನ್ನ ಮಗುವನ್ನು ಕಂಡರೆ ಏನೂ ಅನ್ನಿಸುವುದಿಲ್ಲ" ಎಂದು ಹೇಳಬೇಕಾದ ಹೆಂಗಸಿಗೆ ತನ್ನ ಮಾತೇ ಬೇಕು. ಅದು ಕನ್ನಡ ಇರಬಹುದು, ತುಳು ಇರಬಹುದು, ಬ್ಯಾರಿ ಇರಬಹುದು, ಹವ್ಯಕ ಇರಬಹುದು. ಪುತ್ತೂರಿನಿಂದಲೋ ಸುಳ್ಯದಿಂದಲೋ ಮದುವೆಯಾಗಿ ಬಂದವಳಿಗೆ ಮಲಯಾಳ ಓದಲೂ ಬರುವುದಿಲ್ಲ. ಅವಳ ಕೈಗೆ ಮಲಯಾಳದ ಕರಪತ್ರ ಕೊಟ್ಟು ಕಳಿಸಿದರೆ ಕೊಡದಿದ್ದ ಹಾಗೆಯೇ. ಭಾಷಾ ಅಲ್ಪಸಂಖ್ಯಾತರ ಹಕ್ಕು ಎಂದರೆ ನಾವು ಶಾಲೆ, ಅರ್ಜಿ ಫಾರಂ, ಬೋರ್ಡು ಎಂದಷ್ಟೇ ಹೋರಾಡಿದ್ದೇವೆ. ಆರೋಗ್ಯ ಕೇಂದ್ರದ ಕೌನ್ಸೆಲಿಂಗ್ ಕೋಣೆಯೂ ಆ ಪಟ್ಟಿಗೆ ಸೇರಬೇಕು.

ಇದಕ್ಕೆ ಹೊಸ ಕಟ್ಟಡ ಬೇಡ. ಆಸ್ಪತ್ರೆಯಲ್ಲಿ ಹೆರಿಗೆಯಾದ ಮೇಲೆ ಆಶಾ ಕಾರ್ಯಕರ್ತೆ 42 ದಿನಗಳೊಳಗೆ ಆರು ಸಲ ಮನೆಗೆ ಬರಬೇಕೆಂದು ನಿಯಮವಿದೆ. 3ನೇ ದಿನ, 7, 14, 21, 28, ಕೊನೆಗೆ 42. ಮಗುವಿನ ತೂಕ ನೋಡುತ್ತಾರೆ, ಮೈ ಬಿಸಿ ನೋಡುತ್ತಾರೆ. ಆಮೇಲೆ ಆರನೇ, ಹತ್ತನೇ, ಹದಿನಾಲ್ಕನೇ ವಾರ ತಾಯಿಯೇ ಮಗುವನ್ನು ಎತ್ತಿಕೊಂಡು ಲಸಿಕೆಗೆ ಬರುತ್ತಾಳೆ. ಇಷ್ಟು ಸಲ ಅವಳು ಕಣ್ಣೆದುರು ಇರುತ್ತಾಳೆ. ತಾಯಿಯ ಮನಸ್ಸನ್ನು ಅಳೆಯಲು 1987ರಲ್ಲಿ ಎಡಿನ್‌ಬರೋದಲ್ಲಿ ಮಾಡಿದ ಹತ್ತು ಪ್ರಶ್ನೆಗಳ ಪಟ್ಟಿ ಕನ್ನಡದಲ್ಲೂ ಇದೆ, ಕರ್ನಾಟಕದ ಹಳ್ಳಿಯ ಗರ್ಭಿಣಿಯರಲ್ಲಿ ಅದನ್ನು ಪರೀಕ್ಷಿಸಿಯೂ ನೋಡಿದ್ದಾರೆ. ಅತ್ತೆ, ಗಂಡ ಪಕ್ಕದಲ್ಲಿಲ್ಲದಾಗ ಹತ್ತು ನಿಮಿಷ ಕೂತು ಕೇಳಿದರೆ ಸಾಕು. ಅಪ್ಪ ಮನೆಯಲ್ಲಿದ್ದರೆ ಅವನನ್ನೂ "ನಿಮಗೆ ನಿದ್ದೆ ಬರ್ತದಾ?" ಎಂದು ಕೇಳಲಿ. ಆಶಾದವರ ಮೇಲೆ ಈಗಲೇ ಹೊರಲಾರದಷ್ಟು ಕೆಲಸ ಇದೆ ಎಂಬುದು ನನಗೆ ಗೊತ್ತು. ಈ ಕೆಲಸ ಹೇಳುವವರು ಅದಕ್ಕೆ ತರಬೇತಿಯನ್ನೂ ಹಣವನ್ನೂ ಕೊಡಬೇಕು.

ಸಾಮಾನ್ಯ ಹೆಂಗಸರು ಮಾತಾಡಿ ಏನಾಗುತ್ತದೆ ಎಂದು ಕೇಳುವವರಿಗೆ ಪಾಕಿಸ್ತಾನದ ಹಳ್ಳಿಗಳ ಉದಾಹರಣೆ ಇದೆ. ಅಲ್ಲಿನ ಆರೋಗ್ಯ ಕಾರ್ಯಕರ್ತೆಯರಿಗೆ ಸಣ್ಣ ತರಬೇತಿ ಕೊಟ್ಟು, ಡಿಪ್ರೆಶನ್ ಇದ್ದ ಗರ್ಭಿಣಿಯರ ಮನೆಗೆ ಕಳಿಸಿದರು. ಮಗುವಿಗೆ ಆರು ತಿಂಗಳಾಗುವಾಗ ನೋಡಿದರೆ, ಹಾಗೆ ಮಾತಾಡಿಸಿದ ತಾಯಂದಿರಲ್ಲಿ 23 ಶೇಕಡ ಮಂದಿಗೆ ಡಿಪ್ರೆಶನ್ ಉಳಿದಿತ್ತು. ಉಳಿದವರಲ್ಲಿ 53 ಶೇಕಡ. 2008ರಲ್ಲಿ ಪ್ರಕಟವಾದ ಫಲಿತಾಂಶ ಇದು. ನಮ್ಮ ಕರಾವಳಿಯದೇ ಆದ ಗೋವಾದಲ್ಲಿ ಮಕ್ಕಳನ್ನು ಹೆತ್ತು ಸಾಕಿದ ನೆರೆಕರೆಯ ಹೆಂಗಸರಿಗೇ ಇದೇ ಕ್ರಮ ಕಲಿಸಿ ನೋಡಿದಾಗ ಫಲ ಅಷ್ಟು ದೊಡ್ಡದಿರಲಿಲ್ಲ, ಆದರೆ ಇತ್ತು. ನಮ್ಮಲ್ಲಿ ಹೆಂಗಸರ ಕುಟುಂಬಶ್ರೀ ಗುಂಪುಗಳು ವಾರ್ಡ್ ವಾರ್ಡಿನಲ್ಲಿವೆ. ಮೀಯಿಸಲು ಬರುವ ಹೆಂಗಸರಿದ್ದಾರೆ, ಅವರಷ್ಟು ಹತ್ತಿರದಿಂದ ಬಾಣಂತಿಯನ್ನು ನೋಡುವವರು ಇನ್ಯಾರೂ ಇಲ್ಲ. ಅವರಿಗೂ ಯಾವ ಲಕ್ಷಣ ಕಂಡರೆ ಯಾರಿಗೆ ಹೇಳಬೇಕು ಎಂದು ಕಲಿಸಬಹುದು.

ಮದ್ದಿನ ಬಗ್ಗೆಯೂ ತಪ್ಪು ಹೆದರಿಕೆ ಇದೆ. ಸುಸ್ತು, ಬೇಸರ ಎಂದು ಬರುವ ತಾಯಿಗೆ ಮೊದಲು ರಕ್ತಹೀನತೆ ಮತ್ತು ಥೈರಾಯ್ಡ್ ಪರೀಕ್ಷೆ ಮಾಡಿಸಬೇಕು, ಹೆರಿಗೆಯ ನಂತರ ಈ ಎರಡೂ ತೊಂದರೆ ಬರುವುದು ಸಾಮಾನ್ಯ. ಸಣ್ಣ ಮಟ್ಟದ ಡಿಪ್ರೆಶನ್ ಮಾತಿನ ಚಿಕಿತ್ಸೆಯಲ್ಲೇ ಹತೋಟಿಗೆ ಬರಬಹುದು. ಮಾತ್ರೆ ಬೇಕಾದರೆ ಹಾಲೂಡಿಸುತ್ತಲೇ ತೆಗೆದುಕೊಳ್ಳಬಹುದಾದ ಮಾತ್ರೆಗಳಿವೆ, ವೈದ್ಯರು ನೋಡಿ ಕೊಡುತ್ತಾರೆ. ಆಸ್ಪತ್ರೆಗೆ ಸೇರಿಸಿದರೆ ಮಗುವನ್ನು ಕಿತ್ತುಕೊಳ್ಳುತ್ತಾರೆ ಎಂಬ ಭಯವೂ ಬೇಡ. ಮೂರು ವರ್ಷಕ್ಕಿಂತ ಸಣ್ಣ ಮಗುವನ್ನು ಚಿಕಿತ್ಸೆಯಲ್ಲಿರುವ ತಾಯಿಯಿಂದ ಸಾಮಾನ್ಯವಾಗಿ ಬೇರೆ ಮಾಡಬಾರದು ಎಂದು 2017ರ ಮಾನಸಿಕ ಆರೋಗ್ಯ ಕಾಯಿದೆಯಲ್ಲೇ ಇದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಮಗು ಒಟ್ಟಿಗೆ ಇರುವ ವಾರ್ಡ್ ಇದೆ. 2022ರ ಅಕ್ಟೋಬರ್‌ನಿಂದ 14416 ಸಂಖ್ಯೆಯ 'ಟೆಲಿ ಮಾನಸ್' ದೇಶಕ್ಕೆಲ್ಲ ಇದೆ, ಕನ್ನಡದಲ್ಲಿ ಮಾತಾಡಬಹುದು, ದುಡ್ಡು ಕೊಡಬೇಕಾಗಿಲ್ಲ.

2020, 21ರಲ್ಲಿ ಹುಟ್ಟಿದ ಮಕ್ಕಳು ಈಗ ಶಾಲೆಗೆ ಹೋಗುವಷ್ಟು ದೊಡ್ಡವರಾಗಿದ್ದಾರೆ. ಅವರ ಅಮ್ಮಂದಿರಲ್ಲಿ ಹಲವರು ಎರಡನೇ ಮಗುವಿನ ಬಸುರಿಯರು, ಇಲ್ಲವೇ ಆ ಯೋಚನೆಯಲ್ಲಿರುವವರು. ಮೊದಲ ಹೆರಿಗೆಯ ನಂತರ ಡಿಪ್ರೆಶನ್ ಬಂದಿದ್ದರೆ ಮತ್ತೊಮ್ಮೆ ಬರುವ ಸಾಧ್ಯತೆ ಉಳಿದವರಿಗಿಂತ ಜಾಸ್ತಿ. ಆಗ ಯಾರೂ ಅದನ್ನು ಗುರುತಿಸಿರಲಿಕ್ಕಿಲ್ಲ, ಕಾಗದದಲ್ಲಿ ಎಲ್ಲೂ ಬರೆದಿರಲಿಕ್ಕಿಲ್ಲ. ಹಾಗಾಗಿ ಈ ಸಲ ಹೆಸರು ನೋಂದಾಯಿಸಲು ಹೋದಾಗ, ರಕ್ತದೊತ್ತಡ, ಸಕ್ಕರೆಯ ವಿಷಯ ಹೇಳುವಾಗಲೇ, "ಕಳೆದ ಸಲ ಹೆತ್ತ ಮೇಲೆ ನನಗೆ ಹೀಗೆ ಆಗಿತ್ತು" ಎಂದು ವೈದ್ಯರಿಗೆ ಹೇಳಿ ಬರೆಸಿಕೊಳ್ಳಿ. ಹೇಳಲು ಅವಳಿಗೆ ಬಾಯಿ ಬಾರದಿದ್ದರೆ ಜೊತೆಗೆ ಹೋದ ಗಂಡ ಹೇಳಲಿ, ಅವನಿಗೂ ಆ ದಿನಗಳು ನೆನಪಿವೆ.